ಲೆಕ್ಕ ಕೇಳಿಸಿಕೊಳ್ಳುವ ನಾಯಕರು

ಗಿಲ್ಗಾಲಿನಲ್ಲಿ ಇಸ್ರಾಯೇಲಿನ ಜನ ಸೇರಿದ್ದರು. ಸೌಲನನ್ನು ಅರಸನನ್ನಾಗಿ ಮಾಡಿ, ಬಲಿ ಅರ್ಪಿಸಿ, ಸಂಭ್ರಮದಲ್ಲಿದ್ದರು. ಅದರ ನಡುವೆ, ಅದುವರೆಗೆ ಅವರನ್ನು ನಡೆಸಿದ್ದ ಪ್ರವಾದಿ ಸಮುವೇಲ ಮಾತಿಗೆ ನಿಂತ. ತಲೆ ನರೆತಿತ್ತು. ಚಿಕ್ಕಂದಿನಿಂದ ಅದೇ ಜನರ ಕಣ್ಣೆದುರು ಬದುಕಿದವನು. ಈಗ ಆಡಳಿತವನ್ನು ಇನ್ನೊಬ್ಬನ ಕೈಗೆ ಕೊಡುವ ಹೊತ್ತು ಬಂದಿತ್ತು. ಅವನು ಮಾತು ಶುರು ಮಾಡಿದ್ದೇ ಪ್ರಶ್ನೆಗಳಿಂದ. ಯಾರ ಎತ್ತನ್ನು ಹೊಡೆದುಕೊಂಡು ಹೋದೆ? ಯಾರ ಕತ್ತೆಯನ್ನು? ಯಾರಿಗೆ ಮೋಸ ಮಾಡಿದೆ? ಯಾರನ್ನು ಹಿಂಸಿಸಿದೆ? ಯಾರ ಕೈಯಿಂದ ಲಂಚ ತಿಂದು ಕಣ್ಣು ಮುಚ್ಚಿಕೊಂಡೆ? ದೇವರ ಮುಂದೆ, ಈ ಅರಸನ ಮುಂದೆ ಹೇಳಿ, ಹಿಂದಕ್ಕೆ ಕೊಟ್ಟುಬಿಡುತ್ತೇನೆ. ಜನ ಒಂದೇ ದನಿಯಲ್ಲಿ ಹೇಳಿದರು: ನೀನು ಯಾರಿಂದಲೂ ಏನೂ ತೆಗೆದುಕೊಂಡಿಲ್ಲ.

1 ಸಮುವೇಲ 12ನೇ ಅಧ್ಯಾಯದಲ್ಲಿ ಇದು ಇದೆ. ನಾಯಕತ್ವದ ಬಗ್ಗೆ ಬೈಬಲ್ ಏನು ಹೇಳುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೆರೆಯುವ ಪುಟ ಇದೇ. ಕೈ ಶುದ್ಧ ಇಟ್ಟುಕೊಂಡವರು ಎಲ್ಲ ಕಾಲದಲ್ಲೂ ಇದ್ದಾರೆ. ಆದರೆ ತಾವಾಗಿ ಕೈ ಚಾಚಿ ‘ನೋಡಿ, ಪರೀಕ್ಷಿಸಿ’ ಎನ್ನುವವರು ಕಡಿಮೆ. ಯಾರೋ ಒಬ್ಬ ಗುಂಪಿನಲ್ಲಿ ಎದ್ದು ‘ನನ್ನ ಕತ್ತೆ ಎಲ್ಲಿ?’ ಎಂದು ಕೇಳಿಬಿಟ್ಟರೆ? ಹೊಸ ಅರಸನ ಎದುರಿಗೇ ಮರ್ಯಾದೆ ಹೋಗುತ್ತದೆ ಅಲ್ವಾ? ಆ ಅಪಾಯಕ್ಕೆ ಸಮುವೇಲ ತನ್ನನ್ನು ತಾನೇ ಒಡ್ಡಿಕೊಂಡ. ಪ್ರಾಮಾಣಿಕತೆಯೂ ದೀನತೆಯೂ ಇಲ್ಲಿ ಎರಡು ಬೇರೆ ಗುಣಗಳಾಗಿ ನನಗೆ ಕಾಣುವುದಿಲ್ಲ.

ನಮ್ಮಲ್ಲಿ ದೀನತೆ ಅಂದ ಕೂಡಲೇ ನೆನಪಾಗುವುದು ನಡವಳಿಕೆ. ಮೆಲು ದನಿ, ಬಾಗಿದ ತಲೆ, ‘ನನ್ನದೇನಿಲ್ಲ, ಎಲ್ಲಾ ದೇವರ ಕೃಪೆ’ ಎನ್ನುವ ಮಾತು. ಇವು ಕೆಟ್ಟವಲ್ಲ. ಆದರೆ ಇವುಗಳನ್ನು ನೋಡಿ ನಾಯಕನನ್ನು ಅಳೆಯಲು ಹೋದರೆ ಮೋಸ ಹೋಗುತ್ತೇವೆ. ಸೌಲನ ಕಥೆ ಓದಿ. ಅವನಿಗಿಂತ ನಾಚಿಕೆಯ ಮನುಷ್ಯ ಆ ಪುಸ್ತಕದಲ್ಲಿ ಇನ್ನೊಬ್ಬನಿಲ್ಲ. ಅರಸನಾಗುತ್ತೀ ಎಂಬ ಸುಳಿವು ಸಿಕ್ಕಾಗ, ನಾನು ಬೆನ್ಯಾಮೀನ ಕುಲದವನು, ನಮ್ಮದು ತೀರಾ ಚಿಕ್ಕ ಕುಲ ಎಂದ. ಆರಿಸುವ ದಿನ ಸಾಮಾನು ಸರಂಜಾಮಿನ ನಡುವೆ ಅಡಗಿ ಕೂತಿದ್ದ. ಹುಡುಕಿ ಎಳೆದು ತರಬೇಕಾಯಿತು. ‘ಇವನೇನು ನಮ್ಮನ್ನು ಕಾಪಾಡುವುದು’ ಎಂದು ಕೆಲವರು ಹೀಯಾಳಿಸಿದಾಗಲೂ ಸುಮ್ಮನಿದ್ದ.

ಅದೇ ಸೌಲ ಕೆಲವೇ ಅಧ್ಯಾಯಗಳ ನಂತರ ಕರ್ಮೆಲಿನಲ್ಲಿ ತನಗೇ ಒಂದು ಜ್ಞಾಪಕಸ್ತಂಭ ನಿಲ್ಲಿಸಿಕೊಂಡ. ಅಮಾಲೇಕ್ಯರ ಮೇಲಿನ ಯುದ್ಧದಲ್ಲಿ ಜಾನುವಾರುಗಳನ್ನೂ ಉಳಿಸಬಾರದು ಎಂಬ ಆಜ್ಞೆ ಇತ್ತು. ಅದನ್ನು ಪಾಲಿಸಿದ್ದೇನೆ ಎನ್ನುತ್ತಾ ಬಂದವನನ್ನು ಸಮುವೇಲ ಕೇಳಿದ: ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು? (ಆ ಯುದ್ಧಕ್ಕೆ ಬಂದ ಆಜ್ಞೆಯೇ ಓದುವವರ ಮನಸ್ಸನ್ನು ಕಲಕುತ್ತದೆ. ನನ್ನದನ್ನೂ ಕಲಕುತ್ತದೆ. ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಲು ಆಗುವುದಿಲ್ಲ, ಅದಕ್ಕೆ ಇಲ್ಲಿ ಕೈ ಹಾಕುತ್ತಿಲ್ಲ.) ಸೌಲನ ಮೊದಲ ಉತ್ತರ: ಜನರು ತಂದರು, ಬಲಿಗೆಂದು ಉಳಿಸಿಕೊಂಡರು. ಎರಡನೇ ಉತ್ತರ: ಜನರಿಗೆ ಹೆದರಿ ಹಾಗೆ ಮಾಡಿದೆ. ಕೊನೆಗೆ ‘ಪಾಪ ಮಾಡಿದ್ದೇನೆ’ ಎಂದೂ ಹೇಳಿದ. ಆದರೆ ಅದೇ ಉಸಿರಿನಲ್ಲಿ, ಹಿರಿಯರ ಎದುರು ನನ್ನ ಗೌರವ ಉಳಿಸು ಎಂದು ಬೇಡಿಕೊಂಡ. ತಪ್ಪಿಗಿಂತ ತಪ್ಪು ಎಲ್ಲರಿಗೂ ಗೊತ್ತಾಗುತ್ತದಲ್ಲಾ ಎಂಬ ಚಿಂತೆಯೇ ಜಾಸ್ತಿ ಇತ್ತು. ನಾಚಿಕೆಯ ಸ್ವಭಾವ ಅವನಿಗೆ ಹುಟ್ಟಿನಿಂದಲೇ ಬಂದಿತ್ತು. ಪ್ರಶ್ನೆಯ ಎದುರು ನಿಲ್ಲುವ ಶಕ್ತಿ ಮಾತ್ರ ಬರಲೇ ಇಲ್ಲ.

ಹಾಗಂತ ಸಮುವೇಲನಲ್ಲಿ ಕುಂದೇ ಇರಲಿಲ್ಲವೇ? ಬೈಬಲನ್ನು ನಾನು ನಂಬುವುದಕ್ಕೆ ಒಂದು ಕಾರಣ, ಅದು ತನ್ನ ದೊಡ್ಡವರ ಕುಂದನ್ನು ಮುಚ್ಚಿಡುವುದಿಲ್ಲ. ಸಮುವೇಲ ವಯಸ್ಸಾದ ಮೇಲೆ ತನ್ನ ಮಕ್ಕಳಾದ ಯೋವೇಲ ಮತ್ತು ಅಬೀಯನನ್ನು ನ್ಯಾಯಾಧಿಪತಿಗಳನ್ನಾಗಿ ಮಾಡಿದ. ಅವರು ಬೇರ್ಷೆಬದಲ್ಲಿ ಕೂತು ಲಂಚ ತಿಂದರು, ನ್ಯಾಯ ತಿರುಚಿದರು. ಇಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಬೇರೆ ವಿಷಯ. ಸಮುವೇಲ ಬೆಳೆದದ್ದು ಶೀಲೋವಿನಲ್ಲಿ, ಯಾಜಕ ಏಲಿಯ ಬಳಿ. ಏಲಿಯ ಮಕ್ಕಳು ಹೊಫ್ನಿ ಮತ್ತು ಫೀನೆಹಾಸರ ಕಾಲದಲ್ಲಿ ಅವರ ಆಳು ಮೂರು ಮುಳ್ಳಿನ ಕೊಂಡಿ ಹಿಡಿದು ಬಂದು, ಜನ ಬಲಿಯ ಮಾಂಸ ಬೇಯಿಸುತ್ತಿದ್ದ ಪಾತ್ರೆಗೇ ಚುಚ್ಚಿ ಎತ್ತಿಕೊಂಡು ಹೋಗುತ್ತಿದ್ದ. ಹುಡುಗ ಸಮುವೇಲನಿಗೆ ದೇವರಿಂದ ಬಂದ ಮೊದಲ ಮಾತೇ ಏಲಿಯ ಮನೆಯ ಮೇಲಿನ ತೀರ್ಪು. ಮಕ್ಕಳ ದುಷ್ಟತನ ಗೊತ್ತಿದ್ದೂ ಅವನು ತಡೆಯಲಿಲ್ಲ ಎಂಬುದೇ ಅದಕ್ಕೆ ಕಾರಣ. ಆ ಮಾತನ್ನು ಏಲಿಗೆ ಹೇಳಲು ಹೆದರಿ ಬೆಳಗಿನವರೆಗೆ ಮಲಗಿದ್ದವನು ಇದೇ ಸಮುವೇಲ. ಅದೆಲ್ಲ ಕಂಡವನು ತನ್ನ ಮುಪ್ಪಿನಲ್ಲಿ ಮಕ್ಕಳನ್ನೇ ಆ ಜಾಗದಲ್ಲಿ ಕೂರಿಸಿದ.

ಇಸ್ರಾಯೇಲಿನ ಹಿರಿಯರು ರಾಮಕ್ಕೆ ಬಂದು ಮುಖಕ್ಕೇ ಹೇಳಿದರು: ನಿನಗೆ ವಯಸ್ಸಾಯಿತು, ನಿನ್ನ ಮಕ್ಕಳು ನಿನ್ನ ಹಾದಿಯಲ್ಲಿ ನಡೆಯುತ್ತಿಲ್ಲ. ಅವರು ಅರಸನನ್ನು ಕೇಳಿದ್ದು ಸಮುವೇಲನಿಗೆ ನೋವಾಯಿತು. ಅವನು ಪ್ರಾರ್ಥಿಸಿದ, ಅರಸ ಬಂದರೆ ಏನೇನು ಕಿತ್ತುಕೊಳ್ಳುತ್ತಾನೆ ಎಂದು ಎಚ್ಚರಿಸಿದ. ನಿಮ್ಮ ಗಂಡುಮಕ್ಕಳು, ಹೆಣ್ಣುಮಕ್ಕಳು, ಒಳ್ಳೆಯ ಹೊಲಗಳು, ಬೆಳೆಯ ಹತ್ತನೇ ಒಂದು ಪಾಲು, ಆಳುಗಳು, ಕತ್ತೆಗಳು, ಕುರಿಹಿಂಡು. ಆದರೂ ಜನ ಕೇಳಲಿಲ್ಲ, ಅವನು ಬಿಟ್ಟುಕೊಟ್ಟ. ಗಿಲ್ಗಾಲಿನ ಮಾತಿನಲ್ಲಿ ‘ನನ್ನ ಮಕ್ಕಳು ನಿಮ್ಮ ಜೊತೆಗೇ ಇದ್ದಾರೆ’ ಎಂಬ ಒಂದು ಚಿಕ್ಕ ಮಾತೂ ಬರುತ್ತದೆ. ಅವರೂ ಈಗ ನಿಮ್ಮಲ್ಲಿ ಒಬ್ಬರು, ಅಧಿಕಾರದಲ್ಲಿ ಇಲ್ಲ ಎಂದು ಹೇಳುತ್ತಿದ್ದನೇ? ನಾನು ಹಾಗೆ ಓದಿಕೊಳ್ಳುತ್ತೇನೆ. ಬೇರೆಯವರು ಬೇರೆ ರೀತಿ ಓದಬಹುದು.

ಸೌಲನ ನಂತರ ಅರಸನಾದ ದಾವೀದನ ವಿಷಯ ಎಲ್ಲರಿಗೂ ಗೊತ್ತು. ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡದ್ದು, ಊರೀಯನನ್ನು ಕೊಲ್ಲಿಸಿದ್ದು, ಆಮೇಲೆ ಪ್ರವಾದಿ ನಾತಾನ ಬಂದು ಹೇಳಿದ ಬಡವನ ಹೆಣ್ಣು ಕುರಿಮರಿಯ ಕಥೆ, ‘ಆ ಮನುಷ್ಯ ನೀನೇ’ ಎಂಬ ಮಾತು. ಅರಮನೆಯೊಳಗೆ ನಿಂತು ಹಾಗೆ ಹೇಳಿದ ನಾತಾನ ಜೀವಸಹಿತ ಹೊರಗೆ ಹೋದ ಎಂಬುದು ಸಣ್ಣ ಸಂಗತಿಯಲ್ಲ. ಊರೀಯನಂಥ ನಿಷ್ಠಾವಂತ ಸೈನಿಕನನ್ನು ಕೊಲ್ಲಿಸಿದ ಅರಸನಿಗೆ ಒಬ್ಬ ಪ್ರವಾದಿ ಎಷ್ಟರವನು? ದಾವೀದ ನೆಪ ಹೇಳಲಿಲ್ಲ. ನಾತಾನನನ್ನು ಅರಮನೆಯಿಂದ ದೂರ ಇಡಲೂ ಇಲ್ಲ. ದಾವೀದ ಹಾಸಿಗೆ ಹಿಡಿದ ಕಾಲದಲ್ಲೂ ನಾತಾನ ಅವನ ಕೋಣೆಗೆ ಹೋಗಿ ಬರುತ್ತಿದ್ದ. ಬತ್ಷೆಬೆಗೆ ಹುಟ್ಟಿದ ಮಕ್ಕಳ ಪಟ್ಟಿ 1 ಪೂರ್ವಕಾಲವೃತ್ತಾಂತ 3ರಲ್ಲಿದೆ. ಅದರಲ್ಲಿ ಒಬ್ಬನ ಹೆಸರು ನಾತಾನ. ಪ್ರವಾದಿಯ ನೆನಪಿಗೇ ಇಟ್ಟರು ಎಂದು ಬೈಬಲ್ ಹೇಳುವುದಿಲ್ಲ. ಆದರೆ ತನ್ನ ಪಾಪವನ್ನು ಎತ್ತಿ ಆಡಿದವನ ಹೆಸರು ಮನೆಯೊಳಗೆ ದಿನಾ ಕೇಳಿಸುವುದು ದಾವೀದನಿಗೆ ಬೇಡವಾಗಲಿಲ್ಲ.

ಇನ್ನೊಂದು ಭಾಗವಿದೆ. ಇದರ ಮೇಲೆ ಪ್ರಸಂಗ ಮಾಡುವವರು ಅಪರೂಪ. 2 ಅರಸುಗಳು 12ನೇ ಅಧ್ಯಾಯ. ಯೆಹೂದದ ಅರಸ ಯೆಹೋವಾಷ ದೇವಾಲಯದ ದುರಸ್ತಿಗೆ ಯಾಜಕರ ಕೈಗೆ ಹಣ ಬಿಟ್ಟಿದ್ದ. ಅವನ ಆಳ್ವಿಕೆಯ 23ನೇ ವರ್ಷ ಬಂದರೂ ದುರಸ್ತಿ ಆಗಿರಲಿಲ್ಲ. ಯಾಜಕರು ಕದ್ದರು ಎಂದು ಬೈಬಲ್ ಆರೋಪ ಹೊರಿಸುವುದಿಲ್ಲ. ಕೆಲಸ ಆಗಿಲ್ಲ ಎಂದಷ್ಟೇ ಹೇಳುತ್ತದೆ. ಆಗ ಮಹಾಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಂದು, ಮುಚ್ಚಳದಲ್ಲಿ ತೂತು ಕೊರೆಸಿ, ದೇವಾಲಯಕ್ಕೆ ಬರುವವರ ಬಲಕ್ಕೆ ಬಲಿಪೀಠದ ಪಕ್ಕ ಇಡಿಸಿದ. ಪೆಟ್ಟಿಗೆ ತುಂಬಿತು ಎಂದು ಕಂಡಾಗ ಅರಸನ ಲೇಖಕ ಮತ್ತು ಮಹಾಯಾಜಕ ಇಬ್ಬರೂ ಬರುತ್ತಿದ್ದರು. ಇಬ್ಬರೂ ಸೇರಿ ಎಣಿಸಿ ಚೀಲಕ್ಕೆ ಕಟ್ಟುತ್ತಿದ್ದರು. ಒಬ್ಬ ಅರಮನೆಯವನು, ಒಬ್ಬ ಗುಡಿಯವನು. ಒಬ್ಬನೇ ಎಣಿಸುವ ಹಾಗಿಲ್ಲ. ಮಹಾಯಾಜಕ ಎಷ್ಟೇ ದೊಡ್ಡವನಾದರೂ ಅವನ ಪಕ್ಕದಲ್ಲಿ ಇನ್ನೊಂದು ಜೊತೆ ಕಣ್ಣು ಇರಬೇಕು.

ಇದಾದ ಮೇಲೆ ಬರುವ ಮಾತು ನನಗೆ ಬಹಳ ಪ್ರಿಯ. ಎಣಿಸಿದ ಹಣವನ್ನು ಕೆಲಸದ ಮೇಲ್ವಿಚಾರಕರಿಗೆ ಕೊಡುತ್ತಿದ್ದರು. ಅವರು ಬಡಗಿಗಳಿಗೆ, ಕಟ್ಟುವವರಿಗೆ, ಕಲ್ಲುಕುಟಿಗರಿಗೆ ಹಂಚುತ್ತಿದ್ದರು. ಮರ ಕೊಳ್ಳುತ್ತಿದ್ದರು, ಕೆತ್ತಿದ ಕಲ್ಲು ಕೊಳ್ಳುತ್ತಿದ್ದರು. ಅವರಿಂದ ಯಾರೂ ಲೆಕ್ಕ ಕೇಳುತ್ತಿರಲಿಲ್ಲ, ಯಾಕಂದ್ರೆ ಅವರು ನಂಬಿಗಸ್ತರಾಗಿ ಕೆಲಸ ಮಾಡುತ್ತಿದ್ದರು. ಮೇಲಿನವರಿಗೆ ಜೋಡಿ ಕಣ್ಣಿನ ಕಾವಲು, ದುಡಿಯುವವರಿಗೆ ನಂಬಿಕೆ! ನಮ್ಮ ಸಂಸ್ಥೆಗಳಲ್ಲಿ ಇದು ತಲೆಕೆಳಗಾಗಿದೆ. ಅಟೆಂಡರ್ ಆಟೋಗೆ ಕೊಟ್ಟ ಐವತ್ತು ರೂಪಾಯಿಗೆ ರಸೀದಿ ಬೇಕು. ಮೇಲಿನವರ ಪ್ರವಾಸದ ಖರ್ಚು ಕೇಳಿದರೆ ಅದು ಅಗೌರವ. ಎಲ್ಲ ಕಾಲಕ್ಕೂ ಕೆಲಸದವರಿಂದ ಲೆಕ್ಕ ಕೇಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಅನುಮಾನ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ನೋಡಿ ಎನ್ನುತ್ತಿದ್ದೇನೆ.

ಇಷ್ಟು ಒಳ್ಳೆಯ ಪದ್ಧತಿ ಕಂಡ ಯೆಹೋವಾಷನ ಕೊನೆ ಹೇಗಾಯಿತು ಗೊತ್ತೇ? ಯೆಹೋಯಾದ ತೀರಿಕೊಂಡ ಮೇಲೆ ಅರಸ ದಾರಿ ಬಿಟ್ಟ. ಯೆಹೋಯಾದನ ಮಗ ಜೆಕರ್ಯ ಎದ್ದುನಿಂತು ಎಚ್ಚರಿಸಿದ. ಅರಸನ ಅಪ್ಪಣೆಯಿಂದ ಅವನನ್ನು ದೇವಾಲಯದ ಅಂಗಳದಲ್ಲೇ ಕಲ್ಲೆಸೆದು ಕೊಂದರು. ದುರಸ್ತಿಗೆ ಹಣ ಹೊಂದಿಸಿದ ಅದೇ ದೇವಾಲಯ. ಪದ್ಧತಿ ಎಷ್ಟೇ ಚೆನ್ನಾಗಿರಲಿ, ಎಚ್ಚರಿಕೆಯ ಮಾತು ಕೇಳಲಾಗದವನ ಕೈಗೆ ಸಿಕ್ಕರೆ ಅದು ಯಾರನ್ನೂ ಕಾಪಾಡುವುದಿಲ್ಲ.

ನೆಹೆಮೀಯನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಅವನು ಶೂಷನ್ ಕೋಟೆಯಲ್ಲಿ ಪರ್ಷಿಯದ ಅರಸ ಅರ್ತಷಸ್ತನಿಗೆ ಪಾನ ಕೊಡುವ ಕೆಲಸದಲ್ಲಿದ್ದವನು. ಕ್ರಿ.ಪೂ. 445ರ ಸುಮಾರಿಗೆ ಯೆಹೂದದ ಅಧಿಪತಿಯಾಗಿ ಯೆರೂಸಲೇಮಿಗೆ ಬಂದ. 52 ದಿನಗಳಲ್ಲಿ ಗೋಡೆ ಕಟ್ಟಿಸಿದ. ನಾಯಕತ್ವ ತರಬೇತಿಗಳಲ್ಲಿ ಈ 52 ದಿನಗಳನ್ನೇ ಹೊಗಳುತ್ತಾರೆ. ಯೋಜನೆ, ಕೆಲಸ ಹಂಚಿದ ರೀತಿ, ವಿರೋಧಿಗಳನ್ನು ಎದುರಿಸಿದ ರೀತಿ. ಸರಿ. ಆದರೆ ಗೋಡೆಯ ಕೆಲಸದ ಮಧ್ಯದಲ್ಲೇ ಬರುವ 5ನೇ ಅಧ್ಯಾಯವನ್ನು ದಾಟಿಕೊಂಡು ಹೋಗುತ್ತಾರೆ.

ಆ ಅಧ್ಯಾಯದಲ್ಲಿ ಜನ ಗೋಳಾಡುತ್ತಾರೆ. ಗೋಳು ಹೊರಗಿನ ಶತ್ರುಗಳ ಮೇಲಲ್ಲ, ಸ್ವಂತ ಜನರ ಮೇಲೆ. ಬರ ಬಂದು ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆ ಒತ್ತೆ ಇಟ್ಟಿದ್ದರು. ಅರಸನ ತೆರಿಗೆ ಕಟ್ಟಲು ಸಾಲ ಮಾಡಿದ್ದರು. ಮಕ್ಕಳನ್ನು ಜೀತಕ್ಕೆ ಬಿಡುವ ಹಂತಕ್ಕೆ ಬಂದಿದ್ದರು. ಹೆಂಗಸರೂ ಕೂಗಿದರು ಎಂದು ಸ್ಪಷ್ಟವಾಗಿ ಬರೆದಿದೆ. ಸಾಲ ಕೊಟ್ಟವರು ಊರಿನ ಶ್ರೀಮಂತರು ಮತ್ತು ಅಧಿಕಾರಿಗಳು. ನೆಹೆಮೀಯನಿಗೆ ಸಿಟ್ಟು ಬಂತು. ಆದರೂ ಕೂಡಲೇ ಬಾಯಿ ಬಿಡಲಿಲ್ಲ, ಮನಸ್ಸಿನಲ್ಲೇ ಆಲೋಚಿಸಿದ. ಆಮೇಲೆ ದೊಡ್ಡ ಸಭೆ ಕರೆದು ಎಲ್ಲರ ಎದುರು ಅವರನ್ನು ಗದರಿಸಿದ. ಅಲ್ಲೇ ಒಂದು ಮಾತು ಸೇರಿಸಿದ: ನಾನೂ ನನ್ನ ಅಣ್ಣತಮ್ಮಂದಿರೂ ನನ್ನ ಆಳುಗಳೂ ಜನರಿಗೆ ಹಣ, ಧಾನ್ಯ ಸಾಲ ಕೊಟ್ಟಿದ್ದೇವೆ, ನಾವೆಲ್ಲರೂ ಈ ಬಡ್ಡಿಯನ್ನು ಬಿಟ್ಟುಬಿಡೋಣ.

ಈ ಮಾತನ್ನು ಯಾರೂ ಅವನ ಬಾಯಿಂದ ಹೊರಡಿಸಲಿಲ್ಲ. ಅವನ ಮನೆಯವರು ಎಷ್ಟು ಬಡ್ಡಿ ತೆಗೆದುಕೊಂಡಿದ್ದರೋ, ತೆಗೆದುಕೊಂಡಿದ್ದರೋ ಇಲ್ಲವೋ, ಅದರ ಬಗ್ಗೆ ಪಂಡಿತರು ವಾದ ಮಾಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅವನು ನಿಂತ ಜಾಗ. ‘ನೀವು ಬಿಡಿ’ ಎಂದಿದ್ದರೂ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವನು ‘ಬಿಡೋಣ’ ಎಂದ. ತನ್ನ ಮನೆಯ ಸಾಲದ ಲೆಕ್ಕವನ್ನೂ ಆ ಸಭೆಯ ಮಧ್ಯಕ್ಕೆ ತಂದಿಟ್ಟ. ಆಮೇಲೆ ಶ್ರೀಮಂತರ ಬಾಯಿಮಾತನ್ನು ನಂಬಿ ಬಿಡಲಿಲ್ಲ, ಯಾಜಕರನ್ನು ಕರೆಸಿ ಆಣೆ ಮಾಡಿಸಿದ. ತನ್ನ ಉಡಿಯನ್ನು ಝಾಡಿಸಿ, ಮಾತಿಗೆ ತಪ್ಪಿದವರನ್ನು ದೇವರು ಹೀಗೇ ಝಾಡಿಸಲಿ ಎಂದ.

ಅದೇ ಅಧ್ಯಾಯದ ಕೊನೆಗೆ ಅವನ ಅಡುಗೆಮನೆಯ ಲೆಕ್ಕ ಇದೆ. ದಿನಕ್ಕೆ ಒಂದು ಎತ್ತು, ಆರು ಒಳ್ಳೆಯ ಕುರಿ, ಕೋಳಿಗಳು, ಹತ್ತು ದಿನಕ್ಕೊಮ್ಮೆ ಬಗೆಬಗೆಯ ದ್ರಾಕ್ಷಾರಸ. ಅವನ ಪಂಕ್ತಿಯಲ್ಲಿ 150 ಮಂದಿ ಯೆಹೂದ್ಯರು ಮತ್ತು ಅಧಿಕಾರಿಗಳು ಊಟಕ್ಕೆ ಕೂರುತ್ತಿದ್ದರು. ಸುತ್ತಲಿನ ನಾಡುಗಳಿಂದ ಬಂದವರು ಬೇರೆ. ಹಿಂದಿನ ಅಧಿಪತಿಗಳು ಊಟ, ದ್ರಾಕ್ಷಾರಸದ ಜೊತೆಗೆ 40 ಶೆಕೆಲ್ ಬೆಳ್ಳಿಯನ್ನೂ ಜನರಿಂದ ವಸೂಲಿ ಮಾಡುತ್ತಿದ್ದರು. ಅವರ ಸೇವಕರೂ ಜನರ ಮೇಲೆ ದರ್ಬಾರು ಮಾಡುತ್ತಿದ್ದರು. ನೆಹೆಮೀಯ 12 ವರ್ಷ ಅಧಿಪತಿಯ ಭತ್ಯೆ ಮುಟ್ಟಲಿಲ್ಲ. ಅದು ಅವನ ಹಕ್ಕು, ಕಾನೂನು ಪ್ರಕಾರ ಬರಬೇಕಾದದ್ದು. ದೇವರ ಭಯದಿಂದ ಬಿಟ್ಟೆ, ಜನರ ಮೇಲೆ ಭಾರ ಜಾಸ್ತಿ ಇತ್ತು ಅದಕ್ಕೆ ಬಿಟ್ಟೆ ಎಂದು ಅವನೇ ಬರೆದಿದ್ದಾನೆ. ಭೂಮಿಯನ್ನೂ ಕೊಂಡುಕೊಳ್ಳಲಿಲ್ಲ. ಜನ ಹೊಟ್ಟೆಗಿಲ್ಲದೆ ಹೊಲ ಮಾರುತ್ತಿದ್ದ ಕಾಲದಲ್ಲಿ ಅಧಿಪತಿಗೆ ಭೂಮಿ ಎಷ್ಟು ಅಗ್ಗಕ್ಕೆ ಸಿಗುತ್ತಿತ್ತು ಎಂದು ಯೋಚಿಸಿ. ಕಾನೂನು ಮೀರದೆ ಶ್ರೀಮಂತನಾಗುವ ದಾರಿ ಅವನ ಎದುರಿಗೇ ಇತ್ತು.

ನೆಹೆಮೀಯ ತನ್ನ ಒಳ್ಳೆಯತನವನ್ನು ತಾನೇ ಬರೆದುಕೊಂಡದ್ದು ಕೆಲವರಿಗೆ ಹಿಡಿಸುವುದಿಲ್ಲ. ಇದು ಜಂಬ ಅಲ್ವಾ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವನು ‘ನಾನು ಒಳ್ಳೆಯವನು’ ಎಂದು ಬರೆದು ಬಿಟ್ಟಿದ್ದರೆ ಜಂಬ. ಎಷ್ಟು ಕುರಿ, ಎಷ್ಟು ಎತ್ತು, ಎಷ್ಟು ವರ್ಷ, ಎಷ್ಟು ಜನ ಎಂದು ಬರೆದ. ಆ ಪಂಕ್ತಿಯಲ್ಲಿ ಕೂತು ಉಂಡವರು ಅದನ್ನು ಸುಳ್ಳು ಎನ್ನಬಹುದಿತ್ತು.

ಯೇಸುವಿನ ಸುವಾರ್ತೆ ಸಾರುತ್ತಾ ಊರೂರು ತಿರುಗಿದ ಅಪೊಸ್ತಲ ಪೌಲನೂ ಇದೇ ದಾರಿ ಹಿಡಿದವನು. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಮಕೆದೋನ್ಯ, ಅಖಾಯ ಸೀಮೆಗಳ ಕ್ರೈಸ್ತ ಸಭೆಗಳಿಂದ ಹಣ ಕೂಡಿಸಿದ. ಅವನ ಮಾತಿಗೆ ಇದ್ದ ಬೆಲೆಗೆ ‘ನನ್ನ ಕೈಗೆ ಕೊಡಿ, ಮುಟ್ಟಿಸುತ್ತೇನೆ’ ಎಂದರೆ ಸಾಕಿತ್ತು. ಅವನು ಕೊರಿಂಥದವರಿಗೆ ಬರೆದದ್ದು ಬೇರೆ: ನೀವು ಒಪ್ಪಿದವರನ್ನು ಪತ್ರ ಕೊಟ್ಟು ಕಳುಹಿಸುತ್ತೇನೆ, ನಾನೂ ಹೋಗುವುದು ತಕ್ಕದ್ದಾದರೆ ಅವರು ನನ್ನ ಜೊತೆ ಬರಲಿ. ಮುಂದೆ ತನ್ನ ಜೊತೆಗಾರ ತೀತನ ಜೊತೆ ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನೂ ಇನ್ನೊಬ್ಬನನ್ನೂ ಕಳುಹಿಸಿದ. ಇಷ್ಟು ದೊಡ್ಡ ಕಾಣಿಕೆಯ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲೂ ಸರಿಯಾಗಿರಬೇಕು ಎಂದು ಕಾರಣವನ್ನೂ ಕೊಟ್ಟ. ‘ದೇವರಿಗೆ ಗೊತ್ತು, ಅಷ್ಟು ಸಾಕು’ ಎನ್ನುವವರು 2 ಕೊರಿಂಥ 8ನೇ ಅಧ್ಯಾಯವನ್ನು ಓದಬೇಕು. ಪೌಲನಿಗೆ ಅಷ್ಟು ಸಾಕಾಗಲಿಲ್ಲ. ಆಮೇಲೆ ಕೈಸರೈಯದಲ್ಲಿ ಸೆರೆಯಾದಾಗ ದೇಶಾಧಿಪತಿ ಫೇಲಿಕ್ಸ ಲಂಚದ ಆಸೆಯಿಂದ ಅವನನ್ನು ಪದೇ ಪದೇ ಕರೆಸಿ ಮಾತಾಡುತ್ತಿದ್ದ. ಎರಡು ವರ್ಷ ಕಳೆಯಿತು. ಹಣ ಬರಲಿಲ್ಲ, ಬಿಡುಗಡೆಯೂ ಆಗಲಿಲ್ಲ.

ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನು ಪವಿತ್ರ ಗುರುವಾರ ಅನೇಕ ದೇವಾಲಯಗಳಲ್ಲಿ ನೆನೆಯುತ್ತಾರೆ. ಯೋಹಾನ 13ರಲ್ಲಿ ಅದರ ನಂತರದ ಸಾಲನ್ನು ಗಮನಿಸಿ. ಅವರು ಮತ್ತೆ ಮೇಲುಡುಪು ಹಾಕಿಕೊಂಡು ಕೂತು, ನೀವು ನನ್ನನ್ನು ಗುರು, ಕರ್ತ ಎನ್ನುತ್ತೀರಿ, ಅದು ಸರಿಯೇ ಎಂದರು. ತಮ್ಮ ಸ್ಥಾನವನ್ನು ಅಲ್ಲಗಳೆಯಲಿಲ್ಲ. ‘ಅಯ್ಯೋ, ನಾನೆಂಥವನು’ ಎಂದು ಜಾರಿಕೊಳ್ಳಲಿಲ್ಲ. ಅದೇ ರಾತ್ರಿ ಹಿಂದಿನ ಮಹಾಯಾಜಕ ಅನ್ನನ ಎದುರು ವಿಚಾರಣೆಗೆ ನಿಂತಾಗ ಅವರ ಬೋಧನೆಯ ಬಗ್ಗೆ ಕೇಳಿದರು. ಅವರು ಕೊಟ್ಟ ಉತ್ತರ: ನಾನು ಲೋಕದ ಎದುರಿಗೆ ಬಹಿರಂಗವಾಗಿ ಮಾತಾಡಿದ್ದೇನೆ, ಗುಟ್ಟಾಗಿ ಏನೂ ಹೇಳಿಲ್ಲ, ಕೇಳಿದವರನ್ನೇ ವಿಚಾರಿಸು. ಪಕ್ಕದಲ್ಲಿದ್ದ ಕಾವಲಿನವನು ಕೆನ್ನೆಗೆ ಹೊಡೆದ. ಮಹಾಯಾಜಕನಿಗೆ ಹೀಗೆ ಉತ್ತರ ಕೊಡುತ್ತೀಯಾ ಎಂಬುದು ಅವನ ಸಿಟ್ಟು. ಯೇಸುಸ್ವಾಮಿ ಹೇಳಿದರು: ನಾನು ಆಡಿದ್ದು ತಪ್ಪಾಗಿದ್ದರೆ ತಪ್ಪೇನು ಎಂದು ಸಾಕ್ಷಿ ಕೊಡು, ಸರಿಯಾಗಿದ್ದರೆ ಯಾಕೆ ಹೊಡೆಯುತ್ತೀ? ನಿಜವಾದ ಒಡೆಯ ಸಾಕ್ಷಿ ಕೊಡು ಎನ್ನುತ್ತಾರೆ. ಅಧಿಕಾರದ ಕಾವಲಿಗೆ ನಿಂತವನು ಕೈ ಎತ್ತುತ್ತಾನೆ. ಈ ಭಾಗ ಓದಿದಾಗಲೆಲ್ಲ ನಾನು ಒಂದು ಕ್ಷಣ ಅಲ್ಲೇ ನಿಲ್ಲುತ್ತೇನೆ.

ಇಷ್ಟೆಲ್ಲ ಇರುವ ಪುಸ್ತಕವನ್ನು ಕೈಯಲ್ಲಿ ಹಿಡಿದವರು ನಾವು. ಆದರೂ ನಮ್ಮ ಎಷ್ಟೋ ಕ್ರೈಸ್ತ ಸಭೆಗಳಲ್ಲಿ ಲೆಕ್ಕ ಕೇಳಿದವನನ್ನೇ ಅಪರಾಧಿಯ ಹಾಗೆ ನೋಡುತ್ತಾರೆ. ವಾರ್ಷಿಕ ಸಭೆಯಲ್ಲಿ ಖಜಾಂಚಿ ಗಡಿಬಿಡಿಯಲ್ಲಿ ಅಂಕಿ ಓದುತ್ತಾರೆ. ಯಾರೋ ಒಬ್ಬ ಹುಡುಗ ಎದ್ದು ಕಟ್ಟಡದ ನಿಧಿಯಲ್ಲಿ ಇಷ್ಟೇಕೆ ಉಳಿದಿದೆ ಎಂದು ಕೇಳುತ್ತಾನೆ. ಸಭಾಪಾಲಕರ ಪರವಾಗಿ ಹಿಂದಿನಿಂದ ಒಂದು ದನಿ ಬರುತ್ತದೆ: ‘ಅಯ್ಯನವರ ಮೇಲೆ ನಂಬಿಕೆ ಇಲ್ವಾ?’ ಇನ್ನೂ ಒತ್ತಾಯ ಮಾಡಿದರೆ ಒಂದು ವಚನವನ್ನೇ ಎತ್ತಿ ತೋರಿಸುತ್ತಾರೆ: ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿರಿ.

ಆ ವಚನ ಇರುವುದು 105ನೇ ಕೀರ್ತನೆಯಲ್ಲಿ. ದಯವಿಟ್ಟು ಅದರ ಹಿಂದಿನ ಸಾಲುಗಳನ್ನೂ ಓದಿ. ಅಲ್ಲಿ ಹೇಳಿರುವುದು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ. ಎಣಿಕೆಯಲ್ಲಿ ಕೆಲವೇ ಜನ, ಸ್ವಂತ ನೆಲ ಇಲ್ಲ, ನಾಡಿಂದ ನಾಡಿಗೆ ಅಲೆಯುತ್ತಿದ್ದ ಪರದೇಶಿಗಳು. ದೇವರು ಗದರಿಸಿದ್ದು ಅರಸರನ್ನು. ನನ್ನ ಈ ದಿಕ್ಕಿಲ್ಲದ ಜನರನ್ನು ನೀವು ಮುಟ್ಟಬೇಡಿ ಎಂದು. ಬಲ ಇಲ್ಲದವರನ್ನು ಬಲ ಇದ್ದವರಿಂದ ಕಾಪಾಡಲು ಬಂದ ಮಾತು ಅದು. ಅದನ್ನು ಕುರ್ಚಿಯಲ್ಲಿ ಕೂತವರು ಗುರಾಣಿ ಮಾಡಿಕೊಂಡಿರುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ದಾವೀದನೂ ಸೌಲನನ್ನು ‘ಯೆಹೋವನ ಅಭಿಷಿಕ್ತ’ ಎಂದೇ ಕರೆದ, ಕೈ ಎತ್ತಲಿಲ್ಲ ಎಂದು ಕೆಲವರು ಹೇಳುತ್ತಾರೆ. ನಿಜ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಸೌಲ ಏಂಗೆದಿಯ ಗುಹೆಯಲ್ಲಿ ಕೈಗೆ ಸಿಕ್ಕರೂ ಅವನ ನಿಲುವಂಗಿಯ ತುಂಡನ್ನಷ್ಟೇ ಕತ್ತರಿಸಿಕೊಂಡ. ಆದರೆ ಗುಹೆಯಿಂದ ಹೊರಗೆ ಬಂದ ದಾವೀದ ಸುಮ್ಮನೆ ಹೋಗಲಿಲ್ಲ. ಅರಸನನ್ನು ಕೂಗಿ ಕರೆದ, ನೆಲದವರೆಗೆ ಬಗ್ಗಿ ನಮಸ್ಕರಿಸಿದ, ‘ಅಪ್ಪಾ’ ಎಂದ. ಆ ತುಂಡನ್ನು ಎತ್ತಿ ತೋರಿಸಿ, ನಾನು ನಿನಗೆ ಏನೂ ಕೆಡುಕು ಮಾಡಿಲ್ಲ, ನೀನು ಯಾಕೆ ನನ್ನ ಜೀವಕ್ಕೆ ಬಿದ್ದಿದ್ದೀ ಎಂದು ಇಡೀ ಸೈನ್ಯಕ್ಕೆ ಕೇಳಿಸುವ ಹಾಗೆ ಕೇಳಿದ. ಮರ್ಯಾದೆಯೂ ಇತ್ತು, ಪ್ರಶ್ನೆಯೂ ಇತ್ತು. ಸೌಲ ಗಟ್ಟಿಯಾಗಿ ಅತ್ತು, ನೀನು ನನಗಿಂತ ನೀತಿವಂತ ಎಂದ. ಆ ದಿನ ಯಾರ ರಕ್ತವೂ ಹರಿಯಲಿಲ್ಲ.

ಹಾಗಾಗಿ ಸಭೆಯ ಹಿರಿಯರಲ್ಲಿ, ಅಯ್ಯನವರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ವಾರ್ಷಿಕ ಸಭೆಗೆ ಒಂದು ವಾರ ಮೊದಲೇ ಲೆಕ್ಕದ ಪ್ರತಿಯನ್ನು ಎಲ್ಲರ ಕೈಗೂ ಕೊಡಿ. ಓದಿಕೊಂಡು ಬರಲಿ. ಆ ಹುಡುಗ ಎದ್ದು ನಿಂತಾಗ ಅವನಿಗೆ ಮೈಕ್ ಕೊಡಿ. ಉತ್ತರವನ್ನು ಬೇರೆ ಯಾರೋ ಅಲ್ಲ, ಅಯ್ಯನವರೇ ಎದ್ದು ಕೊಡಲಿ.